ಅಜ್ಜನ ರಿವಾಲ್ವರಿಗೆ ಕಾಡತೂಸು ಎಲ್ಲಿಂದ ತರುವುದು?

ಬೆಳಗಾವಿ: ಖಾಸಬಾಗದ ಓದುಗರೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ತಂದೆಯವರು ತೀರಿಕೊಂಡ ನಂತರ ಮನೆಯ ಹಳೆಯ ಟ್ರಂಕು ತೆರೆದಾಗ ಸೀರೆಗಳ ಅಡಿಯಲ್ಲಿ ಚರ್ಮದ ಚೀಲವೊಂದು ಸಿಕ್ಕಿತು. ಅದರೊಳಗೆ ಅಂಗೈಗಿಂತ ತುಸುವೇ ದೊಡ್ಡದಾದ, ಗಿಡ್ಡ ನಳಿಗೆಯ, ಐದು ಗುಂಡಿನ ರಿವಾಲ್ವರ್. ಪಕ್ಕದ ತಗಡಿನ ಡಬ್ಬಿಯಲ್ಲಿ ಹಸಿರುಗಟ್ಟಿದ ನಾಲ್ಕು ಕಾಡತೂಸುಗಳು, ಹಾರಿಸಿ ಉಳಿಸಿಟ್ಟ ಏಳು ಖಾಲಿ ಹಿತ್ತಾಳೆ ಕೋಶಗಳು. ಅಜ್ಜನವರ ಕಾಲದ ಆಯುಧ. ಪರವಾನಿಗೆ ತಂದೆಯವರ ಹೆಸರಿನಲ್ಲಿದೆ. ಲೋಹದ ಮೇಲೆ '.450 ಸಿ.ಎಫ್.' ಎಂಬ ಮುದ್ರೆ ಇದೆ. ಈ ಅಳತೆಯ ಕಾಡತೂಸು ಈಗ ಬರುವುದಿಲ್ಲವೆಂದು ಬಂದೂಕಿನ ಅಂಗಡಿಯಲ್ಲಿ ಹೇಳಿದರಂತೆ. ಆಗ ಪರಿಚಿತರೊಬ್ಬರು ಧೈರ್ಯ ತುಂಬಿದರು: ಖಾಲಿ ಕೋಶಗಳಿವೆಯಲ್ಲ, ಮದ್ದು ತುಂಬಿಸಿದರಾಯಿತು, ಹೆಚ್ಚು ಬೇಕಾದರೆ ಉದ್ಯಮಬಾಗದಲ್ಲಿ ಲೇಥಿನ ಮೇಲೆ ಕಡೆಸಿಕೊಡೋಣ.

ಹೀಗೆ ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ. ಕೂಡದು ಎಂಬುದು ಒಂದೇ ಪದದ ಉತ್ತರ. ಆದರೆ ಏಕೆ ಕೂಡದು ಎಂಬುದನ್ನು ತಿಳಿಯಲು ಆ ಪುಟ್ಟ ಹಿತ್ತಾಳೆ ಕೋಶದ ಒಳಹೊರಗನ್ನು ಸ್ವಲ್ಪ ನೋಡಬೇಕಾಗುತ್ತದೆ. ಬೆಳಗಾವಿ ದಂಡಿನ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲಿದೆ. ಶಹಾಪುರವು ಸ್ವಾತಂತ್ರ್ಯದವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಖಾನಾಪುರದ ಕಾಡು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ಶಿಕಾರಿಯವರನ್ನು ಸೆಳೆಯುತ್ತಿತ್ತು. ಇಂಥ ಸೀಮೆಯಲ್ಲಿ ಈ ಪ್ರಶ್ನೆ ಒಂದೇ ಮನೆಯದಾಗಿರಲಾರದು.

ಕಾಡತೂಸಿನ ಒಳಗೆ

ಕಾಡತೂಸು ಎಂಬ ನಮ್ಮ ಭಾಗದ ಮಾತು ಪೋರ್ಚುಗೀಸರಿಂದ ಮರಾಠಿಯ ಮೂಲಕ ಬಂದದ್ದೆಂದು ಹೇಳುತ್ತಾರೆ. ಮಲೆನಾಡಿನವರು ಇದನ್ನೇ ತೋಟಾ ಎನ್ನುತ್ತಾರೆ. ಕೇಪಿನ ಕೋವಿ, ತೋಟಾ ಕೋವಿ ಎಂಬ ಅವರ ವಿಂಗಡಣೆಯಲ್ಲಿ ಬಂದೂಕಿನ ಇತಿಹಾಸದ ಮುಖ್ಯ ತಿರುವೇ ಅಡಗಿದೆ. ಕೇಪಿನ ಕೋವಿಗೆ ಮದ್ದು, ಗುಂಡು, ಕೇಪು ಮೂರನ್ನೂ ಬೇರೆಬೇರೆಯಾಗಿ ತುಂಬಬೇಕು. ತೋಟಾ ಕೋವಿಗೆ ಮೂರೂ ಒಂದೇ ಕೋಶದಲ್ಲಿ ಸಿದ್ಧವಾಗಿ ಬರುತ್ತವೆ.

ಹಿತ್ತಾಳೆ ಕೋಶದ ಕೆಲಸ ಮದ್ದನ್ನು ಹಿಡಿದಿಡುವುದಷ್ಟೇ ಅಲ್ಲ. ಬುಡದ ನಡುವಿನ ಪುಟ್ಟ ಕೇಪಿಗೆ ಸುತ್ತಿಗೆಯ ಮೊನೆ ಬಡಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ. ಅನಿಲದ ಒತ್ತಡಕ್ಕೆ ಕೋಶವು ಕ್ಷಣಮಾತ್ರ ಹಿಗ್ಗಿ ಸಿಲಿಂಡರಿನ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹಾರಿಸುವವನ ಮುಖಕ್ಕೆ ಬಡಿಯದಂತೆ ತಡೆಯುವುದು ಈ ಹಿಗ್ಗುವಿಕೆಯೇ. ಗುಂಡು ಹೊರಟ ಮೇಲೆ ಕೋಶ ತುಸು ಕುಗ್ಗುತ್ತದೆ. ಆದ್ದರಿಂದಲೇ ಅದನ್ನು ಹೊರತೆಗೆಯಲು ಬರುತ್ತದೆ. ಹಿಗ್ಗಿ ಕುಗ್ಗುವ ಈ ಗುಣಕ್ಕಾಗಿಯೇ ಹಿತ್ತಾಳೆಯನ್ನು ಆರಿಸಿದ್ದು.

'ಸಿ.ಎಫ್.' ಎಂದರೆ ಕೇಪು ಬುಡದ ನಡುವೆ ಇರುವ ಬಗೆ. ಅದಕ್ಕೂ ಮುಂಚೆ ಕೋಶದ ಪಕ್ಕದಿಂದ ಮೊಳೆಯೊಂದು ಹೊರಚಾಚಿರುವ ಫ್ರೆಂಚರ ಬಗೆಯೂ, ಬುಡದ ಅಂಚಿನಲ್ಲೇ ಕಿಡಿಮದ್ದು ಇರುವ ಬಗೆಯೂ ಬಂದಿದ್ದವು. ನಡುವಿನ ಕೇಪಿನ ಕಾಡತೂಸು ಬ್ರಿಟಿಷ್ ಸೇನೆಯಲ್ಲಿ ನೆಲೆಯೂರಿದ್ದು 1860ರ ದಶಕದಲ್ಲಿ, ವೂಲಿಚ್ ಕಾರ್ಖಾನೆಯ ಎಡ್ವರ್ಡ್ ಬಾಕ್ಸರ್ ಎಂಬ ಅಧಿಕಾರಿಯ ಕೆಲಸದ ಫಲವಾಗಿ. 1868ರಲ್ಲಿ ಆ ಸೇನೆ ಆಡಮ್ಸ್ ರಿವಾಲ್ವರಿಗಾಗಿ ಒಪ್ಪಿಕೊಂಡದ್ದೇ .450 ಅಳತೆಯ ಕಾಡತೂಸು. ಅಂದರೆ ಖಾಸಬಾಗದ ಡಬ್ಬಿಯಲ್ಲಿರುವುದು ಬ್ರಿಟಿಷ್ ಸೇನೆಯ ಮೊದಲ ಸಿ.ಎಫ್. ರಿವಾಲ್ವರ್ ಕಾಡತೂಸಿನ ವಂಶದ್ದು.

ಓದುಗರು ವಿವರಿಸಿದ ರಿವಾಲ್ವರ್ 'ಬುಲ್‌ಡಾಗ್' ಮಾದರಿಯದಿರಬೇಕು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1872ರಲ್ಲಿ ಇದನ್ನು ಹೊರತಂದಿತು. ಕೋಟಿನ ಜೇಬಿನಲ್ಲಿ ಕೂರುವಷ್ಟು ಗಿಡ್ಡ, ಆದರೆ ದೊಡ್ಡ ಗುಂಡು. ಹೀಗಾಗಿ ಬಹಳ ಜನಪ್ರಿಯವಾಯಿತು. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದವರು ಇದರ ಅಗ್ಗದ ನಕಲುಗಳನ್ನು ರಾಶಿರಾಶಿಯಾಗಿ ಮಾಡಿ ಜಗತ್ತಿಗೆಲ್ಲ ಮಾರಿದರು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೇಲೆ ಹಾರಿದ ಗುಂಡೂ ಇದೇ ಮಾದರಿಯ ರಿವಾಲ್ವರಿನದು. ಅಸಲು ವೆಬ್ಲಿಯೋ ಲಿಯೇಜಿನ ನಕಲೋ ಎಂಬುದು ಲೋಹದ ಮೇಲಿನ ಪರೀಕ್ಷಾ ಮುದ್ರೆಗಳಿಂದ ತಿಳಿಯುತ್ತದೆ. ಕೈಯಲ್ಲಿ ಹಿಡಿದರೆ ಎರಡೂ ಒಂದೇ ತೂಕ, ಉಕ್ಕಿನ ಗುಣ ಮಾತ್ರ ಒಂದೇ ಅಲ್ಲ.

ಅಂಕಿಯ ಮೋಸ

'.450' ಎಂಬುದು ಇಂಚಿನ ಲೆಕ್ಕ. ಆದರೆ ಈ ಅಂಕಿಗಳನ್ನು ಅಳತೆಪಟ್ಟಿಯಂತೆ ನಂಬುವಂತಿಲ್ಲ. .450 ಕಾಡತೂಸಿನ ಸೀಸದ ಗುಂಡಿನ ನಿಜವಾದ ವ್ಯಾಸ ಸುಮಾರು .455 ಇಂಚು. 1887ರಲ್ಲಿ ವೆಬ್ಲಿ ರಿವಾಲ್ವರ್ ಸೇನೆಗೆ ಬಂದ ಮೇಲೆ ಅದರ ಕಾಡತೂಸಿಗೆ .455 ಎಂಬ ಹೆಸರಾಯಿತು. ಹಾಗಾದರೆ ಅದನ್ನೇ ಇದಕ್ಕೆ ಹಾಕಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗದು. .455ರ ಕೋಶ ಉದ್ದ, .450ರದು ಗಿಡ್ಡ. ದೊಡ್ಡದರ ಗೂಡಿನಲ್ಲಿ ಚಿಕ್ಕದು ಕೂರುತ್ತದೆ, ಚಿಕ್ಕದರ ಗೂಡಿನಲ್ಲಿ ದೊಡ್ಡದು ಕೂರದು. ಗೂಡನ್ನು ಕೊರೆದು ಉದ್ದ ಮಾಡಿಸಿದರೆ ಕೂರುತ್ತದೆ ಎನ್ನುವ ಜಾಣರೂ ಇದ್ದಾರೆ. ಆಗ ಕೂರುವ ಕಾಡತೂಸು ಆ ಸಿಲಿಂಡರಿನ ಗೋಡೆಗೆ ಎಂದೂ ಗೊತ್ತಿರದ ಒತ್ತಡವನ್ನು ತರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇಂಥದ್ದೇ ಜಾಣತನ ನಡೆಯಿತು. ಬ್ರಿಟಿಷ್ ಸೇನೆ ಕೈಬಿಟ್ಟ ವೆಬ್ಲಿ ರಿವಾಲ್ವರುಗಳು ಅಲ್ಲಿ ಅಗ್ಗಕ್ಕೆ ಬಂದವು, .455 ಕಾಡತೂಸು ಮಾತ್ರ ಸಿಗುತ್ತಿರಲಿಲ್ಲ. ಸಿಲಿಂಡರಿನ ಹಿಂಬದಿಯನ್ನು ಸ್ವಲ್ಪ ಕಡೆದು, ಅಲ್ಲಿ ಹೇರಳವಾಗಿದ್ದ .45 ಪಿಸ್ತೂಲಿನ ಕಾಡತೂಸು ಕೂರುವಂತೆ ಮಾಡಿ ಮಾರಿದರು. ಅಳತೆ ಸರಿಹೊಂದಿತು, ಒತ್ತಡ ಸರಿಹೊಂದಲಿಲ್ಲ. ಆ ಪಿಸ್ತೂಲು ಕಾಡತೂಸಿನ ಒತ್ತಡ, ವೆಬ್ಲಿಯನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿದ ಒತ್ತಡಕ್ಕಿಂತಲೂ ಹೆಚ್ಚಿನದು. ಹೀಗೆ ಕಡೆದ ರಿವಾಲ್ವರುಗಳ ಬಗ್ಗೆ ಅಲ್ಲಿನ ಸಂಗ್ರಾಹಕರು ಇಂದಿಗೂ ಎಚ್ಚರಿಕೆ ಹೇಳುತ್ತಾರೆ.

ಅಳತೆ ಕಿರಿದಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸ್ವಾತಂತ್ರ್ಯದ ಇತಿಹಾಸದಲ್ಲೇ ಸಾಕ್ಷಿಯಿದೆ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಊಧಮ್ ಸಿಂಗ್ ಅವರು ಮೈಕೆಲ್ ಓಡ್ವಯರ್‌ನನ್ನು ಕೊಂದರು. ಅವರ ಬಳಿ ಇದ್ದದ್ದು ದೊಡ್ಡ ಅಳತೆಯ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್; ದೊರೆತಿದ್ದ ಕಾಡತೂಸುಗಳು ಮಾತ್ರ ಹಳೆಯವು, ಆ ನಳಿಗೆಗೆ ಕಿರಿದಾದವು. ಗುಂಡು ನಳಿಗೆಯನ್ನು ಬಿಗಿಯಾಗಿ ಹಿಡಿಯದಿದ್ದರೆ ಅನಿಲ ಪಕ್ಕದಿಂದ ಸೋರಿಹೋಗಿ ವೇಗ ಕುಗ್ಗುತ್ತದೆ. ಅಂದು ಗುಂಡು ತಗುಲಿದ ಝೆಟ್‌ಲ್ಯಾಂಡ್, ಲ್ಯಾಮಿಂಗ್‌ಟನ್ ಮತ್ತು ಲೂಯಿ ಡೇನ್ ಮೂವರೂ ಬದುಕಿ ಉಳಿದರು.

ಮರುತುಂಬುವುದು ಎಂದರೆ

ಪರಿಚಿತರು ಹೇಳಿದ 'ಮದ್ದು ತುಂಬಿಸುವುದು' ಕಟ್ಟುಕಥೆಯಲ್ಲ. ಅಮೆರಿಕದಲ್ಲಿ ಅದೊಂದು ಕಾನೂನುಸಮ್ಮತ ಹವ್ಯಾಸ. ಹಾರಿಸಿದ ಕೋಶವನ್ನು ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸುವ ಕೈಯಂತ್ರಗಳು ಅಲ್ಲಿ ಅಂಗಡಿಯಲ್ಲೇ ದೊರೆಯುತ್ತವೆ. ತಯಾರಿಕೆ ನಿಂತುಹೋದ ಅಳತೆಗಳಿಗೆ, ಇಂದಿಗೂ ಸಿಗುವ ಬೇರೊಂದು ಕೋಶವನ್ನು ಕತ್ತರಿಸಿ, ಅಂಚು ತೆಳುಮಾಡಿ ಹೊಂದಿಸುವವರಿದ್ದಾರೆ. ಅಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು ಒಕ್ಕೂಟದ ಕಾನೂನು ಪುರಾತನ ವಸ್ತುವೆಂದೇ ಎಣಿಸುತ್ತದೆ. ಜಾಲತಾಣದಲ್ಲಿ ಇದರ ವಿಡಿಯೋಗಳು ಬೇಕಾದಷ್ಟಿವೆ. ನಮ್ಮಲ್ಲಿ ಗೊಂದಲ ಹುಟ್ಟುವುದೇ ಅವುಗಳಿಂದ: ನೋಡುವುದು ಅಮೆರಿಕದ ವಿಡಿಯೋ, ಅನ್ವಯವಾಗುವುದು ಭಾರತದ ಕಾನೂನು.

ಕಾನೂನಿಗೆ ಹೋಗುವ ಮುನ್ನ ಅಪಾಯದ ಮಾತು. ಬುಲ್‌ಡಾಗ್ ಹುಟ್ಟಿದ ಕಾಲಕ್ಕೆ ಮದ್ದು ಎಂದರೆ ಕರಿಮದ್ದು ಮಾತ್ರ. ಗಂಧಕ, ಇದ್ದಿಲು, ಸೋರುಪ್ಪಿನ ಮಿಶ್ರಣ. ಅದು ಕೋಶದ ತುಂಬ ಕೂರುತ್ತದೆ, ಒತ್ತಡವನ್ನು ನಿಧಾನವಾಗಿ ಏರಿಸುತ್ತದೆ. ಹೊಗೆರಹಿತ ಮದ್ದು ಬಂದದ್ದು 1880-90ರ ದಶಕಗಳಲ್ಲಿ, ವೆಬ್ಲಿಯ.455 ಕಾಡತೂಸಿಗೆ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದದ್ದು 1894ರಲ್ಲಿ. ಹೊಸ ಮದ್ದಿನ ಶಕ್ತಿ ಎಷ್ಟು ಹೆಚ್ಚೆಂದರೆ, ಕೋಶದ ಬಹುಭಾಗ ಖಾಲಿಯೇ ಉಳಿಯುತ್ತದೆ. ಖಾಲಿ ಕಂಡಿತೆಂದು ತುಂಬಿದರೆ, ಅಥವಾ ಮರೆತು ಎರಡು ಬಾರಿ ಹಾಕಿದರೆ, ಸಿಲಿಂಡರ್ ಬಿರಿದು ಅದರ ಚೂರು ಹಾರಿಸಿದವನ ಹಣೆಗೋ ಪಕ್ಕದಲ್ಲಿ ನಿಂತವನ ಕಣ್ಣಿಗೋ ತಗಲುತ್ತದೆ. ಪಟಾಕಿಯ ಮದ್ದು, ಬಾವಿ ತೋಡುವ ಸಿಡಿಮದ್ದು ಬಳಸಿದರಾಯಿತು ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಸಿಡಿಮದ್ದಿನ ಕೆಲಸ ಬಂಡೆ ಒಡೆಯುವುದು. ರಿವಾಲ್ವರಿನಲ್ಲಿಟ್ಟರೆ ಅದು ಒಡೆಯುವುದು ಆ ರಿವಾಲ್ವರನ್ನೇ.

ಹಳೆಯ ಕೋಶಗಳೂ ನಿರುಪದ್ರವಿಗಳಲ್ಲ. ಆ ಕಾಲದ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಒಮ್ಮೆ ಹಾರಿಸಿದ ಮೇಲೆ ಪಾದರಸ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಕಣ್ಣಿಗೆ ಹೊಳೆಯುವ ಕೋಶ, ಎರಡನೆಯ ಬಾರಿಯ ಒತ್ತಡಕ್ಕೆ ಹಿಗ್ಗುವ ಬದಲು ಸೀಳಿಕೊಳ್ಳುತ್ತದೆ. ಇನ್ನು ಆ ಹಸಿರುಗಟ್ಟಿದ ನಾಲ್ಕು ಸಜೀವ ಕಾಡತೂಸುಗಳು: ನೂರು ವರ್ಷದ ಮದ್ದು ಸತ್ತಿದೆ ಎಂದು ಯಾರೂ ಊಹಿಸಬಾರದು. ಕುದುರೆ ಬಡಿದ ಕೂಡಲೇ ಹಾರದೆ, ತಡೆದು, ಕೈ ಸಡಿಲಿಸಿದ ಮೇಲೆ ಹಾರುವುದು ಹಳೆಯ ಕಾಡತೂಸಿನ ಪರಿಚಿತ ಚಾಳಿ. ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಬಿಸಿಲಿಗೆ ಇಡುವುದು, ಇಕ್ಕಳದಿಂದ ಗುಂಡು ಕೀಳುವುದು, ಇವು ಯಾವುದೂ ಬೇಡ.

ಉದ್ಯಮಬಾಗದವರಿಗೆ ಒಂದು ಮಾತು

ಬೆಳಗಾವಿಯ ಲೇಥ್ ಕೆಲಸದ ನಿಪುಣತೆಯನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಯಂತ್ರದ ಬಿಡಿಭಾಗ ಕಡೆಯುವ ಕೈಗಳಿಗೆ ಒಂದು ಹಿತ್ತಾಳೆ ಕೋಶ ಕಡೆಯುವುದು ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ಕೆಲಸದಲ್ಲಲ್ಲ, ಆ ವಸ್ತುವನ್ನು ಕಾನೂನು ಏನೆಂದು ಕರೆಯುತ್ತದೆ ಎಂಬುದರಲ್ಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ವಿಧಿಯಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆ ಇದೆ. ಸಿದ್ಧ ಕಾಡತೂಸಷ್ಟೇ ಅಲ್ಲ, ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಆ ವ್ಯಾಖ್ಯೆಯೊಳಗೆ ಬರುತ್ತವೆ. 5ನೇ ವಿಧಿಯ ಪ್ರಕಾರ ಆಯುಧ ಮತ್ತು ಮದ್ದುಗುಂಡುಗಳ ತಯಾರಿಕೆ, ಮಾರಾಟ, ದುರಸ್ತಿ, ಪರೀಕ್ಷೆ ಎಲ್ಲಕ್ಕೂ ಪ್ರತ್ಯೇಕ ಪರವಾನಿಗೆ ಬೇಕು. ರಿವಾಲ್ವರ್ ಇಟ್ಟುಕೊಳ್ಳುವ ಪರವಾನಿಗೆ ಕಾಡತೂಸು ತಯಾರಿಸುವ ಪರವಾನಿಗೆಯಲ್ಲ. 2019ರ ತಿದ್ದುಪಡಿಯ ನಂತರ, ಪರವಾನಿಗೆಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಲು ಅವಕಾಶವಿದೆ. ಗೆಳೆಯನ ಅಜ್ಜನ ನೆನಪಿಗೆಂದು ಹತ್ತು ಕೋಶ ಕಡೆದುಕೊಟ್ಟ ಲೇಥ್ ಮಾಲೀಕನಿಗೆ ಆ ಹತ್ತು ಹಿತ್ತಾಳೆ ತುಂಡುಗಳ ಬೆಲೆ ಇಷ್ಟಾಗಬಹುದು.

ಕಾನೂನು ಇಷ್ಟು ಬಿಗಿಯೇಕೆ ಎಂದು ಕೇಳುವವರು ಇಂಗ್ಲೆಂಡಿನ ಅನುಭವ ನೋಡಬೇಕು. ಅಲ್ಲಿನ 1968ರ ಬಂದೂಕು ಕಾಯ್ದೆಯಲ್ಲಿ ಪುರಾತನ ಬಂದೂಕನ್ನು ಕುತೂಹಲದ ವಸ್ತುವಾಗಿ, ಅಲಂಕಾರಕ್ಕಾಗಿ ಪರವಾನಿಗೆಯಿಲ್ಲದೆ ಇಟ್ಟುಕೊಳ್ಳಲು ಅವಕಾಶವಿದೆ. ಯಾವ ಅಳತೆಯ ಕಾಡತೂಸುಗಳ ತಯಾರಿಕೆ ನಿಂತುಹೋಗಿದೆ ಎಂದು ಸರ್ಕಾರವೇ ಪಟ್ಟಿ ಮಾಡಿತು; ಕಾಡತೂಸೇ ಇಲ್ಲದ ಮೇಲೆ ಆ ರಿವಾಲ್ವರ್ ಬರಿಯ ಕಬ್ಬಿಣವೆಂಬುದು ಅದರ ಹಿಂದಿನ ತರ್ಕ. ಆ ತರ್ಕವನ್ನು ಮುರಿದದ್ದೇ ಮರುತುಂಬುವ ಕೆಲಸ. ಗ್ಲಾಸ್ಟರ್‌ಶೈರಿನ ನೋಂದಾಯಿತ ಬಂದೂಕು ವ್ಯಾಪಾರಿಯೊಬ್ಬ ಇಂಥ ಹಳೆಯ ರಿವಾಲ್ವರುಗಳಿಗೆ ತನ್ನ ಮನೆಯಲ್ಲೇ ಕಾಡತೂಸು ತಯಾರಿಸಿಕೊಟ್ಟ. ಅವನ ಕೈಯ ಕಾಡತೂಸುಗಳು ನೂರಕ್ಕೂ ಹೆಚ್ಚು ಅಪರಾಧ ಸ್ಥಳಗಳಲ್ಲಿ ಪತ್ತೆಯಾದವು. ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯ 2017ರಲ್ಲಿ ಅವನಿಗೆ 30 ವರ್ಷದ ಸಜೆ ವಿಧಿಸಿತು. 2021ರಲ್ಲಿ ಬಂದ ಹೊಸ ನಿಯಮಗಳು ಏಳು ಅಳತೆಗಳನ್ನು ಆ ಪಟ್ಟಿಯಿಂದ ಕೈಬಿಟ್ಟವು. ಬುಲ್‌ಡಾಗ್ ರಿವಾಲ್ವರಿನ ಇನ್ನೊಂದು ಸಾಮಾನ್ಯ ಅಳತೆಯಾದ .442 ಕೂಡ ಅವುಗಳಲ್ಲಿ ಒಂದು.

ನಮ್ಮ ರಾಜ್ಯದಲ್ಲಿ ಖಾಲಿ ಕೋಶದ ಮಹತ್ವವನ್ನು ಜನರು ಅರಿತದ್ದು ಬೇರೆ ಸಂದರ್ಭದಲ್ಲಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡರಲ್ಲೂ 7.65 ಎಂ.ಎಂ. ನಾಡಪಿಸ್ತೂಲು ಬಳಕೆಯಾಗಿದ್ದು, ಅದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ್ದು ಸ್ಥಳದಲ್ಲಿ ದೊರೆತ ಗುಂಡು, ಕೋಶಗಳ ಮೇಲಿನ ಗೀರುಗಳನ್ನು ಹೋಲಿಸಿ. ಪೊಲೀಸರು ಒಂದೊಂದು ಕೋಶವನ್ನೂ ಎಣಿಸುವುದು ಕಾಗದದ ಕಾಟಾಚಾರವಲ್ಲ.

ಕಾನೂನೇ ಕೊಂದ ಕಾಡತೂಸುಗಳು

ಕಾಡತೂಸು ಹಳತಾಗುವುದು ಕಾಲ ಸರಿದದ್ದರಿಂದ ಮಾತ್ರವಲ್ಲ. ಕೆಲವನ್ನು ಸರ್ಕಾರಗಳೇ ಇಲ್ಲವಾಗಿಸಿವೆ. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ರೈಫಲ್ ಕಾಡತೂಸುಗಳು ಭಾರತಕ್ಕೆ ಬರುವುದನ್ನು ನಿಷೇಧಿಸಿತು. ಗಡಿಭಾಗದ ಬಂಡುಕೋರರ ಕೈಗೆ ಸಿಕ್ಕಿದ್ದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳಿಗೆ ಆ ಗುಂಡುಗಳು ಒದಗಿಬಿಟ್ಟಾವು ಎಂಬ ಭಯ ಅದಕ್ಕೆ ಕಾರಣ. ಶಿಕಾರಿಯ ದೊಡ್ಡ ರೈಫಲ್ ಮಾಡುವ ಲಂಡನ್ ಕಂಪನಿಗಳು ಆಗ .465, .470 ಎಂಬ ಹೊಸ ಅಳತೆಗಳನ್ನೇ ಹುಟ್ಟಿಸಬೇಕಾಯಿತು.

ಆಯುಧದ ಮೇಲಿನ ಈ ಕಣ್ಣು ನಮ್ಮ ಭಾಗಕ್ಕೆ ಇನ್ನೂ ಹಳೆಯದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿಯದ ಮುಧೋಳ ಸಂಸ್ಥಾನದ ಹಲಗಲಿ ಬೇಡರನ್ನು ಕಂಪನಿ ಸೈನ್ಯ ಬಗ್ಗುಬಡಿದು ಹಲವರನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ಇಂದಿಗೂ ಹಾಡುವ ನಾಡಿನಲ್ಲಿ, ಆಯುಧ ಒಪ್ಪಿಸುವುದೆಂದರೆ ಮನಸ್ಸಿಗೆ ಕಸಿವಿಸಿಯಾಗುವುದು ಸಹಜವೇ. 1878ರ ಕಾಯ್ದೆ ಬಂದ ಮೇಲೆ ಪರವಾನಿಗೆ ಪದ್ಧತಿ ಬೇರೂರಿತು. ಬ್ರಿಟಿಷ್ ಭಾರತದ ಕಾನೂನು ಸಂಸ್ಥಾನಗಳಿಗೆ ನೇರವಾಗಿ ತಗಲುತ್ತಿರಲಿಲ್ಲ. ಹಾಗಾಗಿ ಬೆಳಗಾವಿ ಪೇಟೆಗೆ ಒಂದು ಲೆಕ್ಕ, ಸಾಂಗಲಿಗೆ ಸೇರಿದ ಶಹಾಪುರಕ್ಕೆ ಇನ್ನೊಂದು ಲೆಕ್ಕವಿದ್ದ ಕಾಲವಿತ್ತು.

ಸ್ವತಂತ್ರ ಭಾರತದ 1962ರ ನಿಯಮಗಳು .455 ಮತ್ತು .380 ಅಂಚುಳ್ಳ ಕಾಡತೂಸು ಹಾರಿಸಬಲ್ಲ ಯಾವುದೇ ರಿವಾಲ್ವರನ್ನು ಸೇನೆಯ ಮದ್ದುಗುಂಡು ಬಳಸುವ ಆಯುಧಗಳ ಸಾಲಿಗೆ, ಅಂದರೆ ನಿರ್ಬಂಧಿತ ವರ್ಗಕ್ಕೆ ಸೇರಿಸಿದವು. ಎರಡು ಮಹಾಯುದ್ಧಗಳ ಪ್ರಸಿದ್ಧ ವೆಬ್ಲಿ, ಎನ್‌ಫೀಲ್ಡ್ ರಿವಾಲ್ವರುಗಳು ನಾಗರಿಕರಿಗೆ ದೂರವಾದದ್ದು ಹೀಗೆ. 1980ರ ದಶಕದ ಮಧ್ಯದಿಂದ ಖಾಸಗಿಯವರು ಹೊರದೇಶದಿಂದ ಬಂದೂಕು ತರುವುದಕ್ಕೂ ತಡೆ ಬಿತ್ತು. ಉಳಿದದ್ದು .32 ಅಳತೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರುಗಳೂ, 2014ರಲ್ಲಿ ಬಂದ 'ನಿರ್ಭೀಕ್' ಕೂಡ ಇದೇ ಅಳತೆಯವು. ವೆಬ್ಲಿ ಹೆಸರೇ 2020ರ ಹೊತ್ತಿಗೆ ಉತ್ತರ ಪ್ರದೇಶದ ಸಂಡೀಲಾಕ್ಕೆ ಬಂದು ರಿವಾಲ್ವರ್ ತಯಾರಿಕೆಗೆ ತೊಡಗಿದಾಗಲೂ ಅಳತೆ .32 ಆಗಿತ್ತು. .450ರ ಬುಲ್‌ಡಾಗ್ ನಿರ್ಬಂಧಿತ ವರ್ಗದ್ದೋ ಅಲ್ಲವೋ ಎಂಬುದನ್ನು ಗೂಡಿನ ಅಳತೆ ನೋಡಿ ಅಧಿಕಾರಿಗಳೇ ನಿರ್ಧರಿಸಬೇಕು. ಹಿಂದೆ ಯಾರೋ ಗೂಡು ಕೊರೆಸಿ .455 ಕೂರುವಂತೆ ಮಾಡಿದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ.

ಹಳತಾದರೆ ಬಿಡುಗಡೆಯೇ?

ನಮ್ಮಲ್ಲಿ ಬಹುಜನ ಎಡವುವುದು ಇಲ್ಲಿ. ನೂರು ವರ್ಷ ದಾಟಿದೆ, ಕಾಡತೂಸೂ ಸಿಗುವುದಿಲ್ಲ, ಆದ್ದರಿಂದ ಪರವಾನಿಗೆ ಬೇಡ ಎಂಬ ನಂಬಿಕೆ ಬಲವಾಗಿದೆ. ಕಾಯ್ದೆಯ 45ನೇ ವಿಧಿಯ 'ಸಿ' ಖಂಡ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ಅದರಲ್ಲೊಂದು ಷರತ್ತಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಇಂಗ್ಲೆಂಡಿನಲ್ಲಿ ಕೇಳುವುದು ಕಾಡತೂಸು ಸಿಗುತ್ತದೆಯೇ ಎಂದು. ನಮ್ಮಲ್ಲಿ ಕೇಳುವುದು ಆಯುಧ ಹಾರಿಸಬಲ್ಲದೇ ಎಂದು. ಸಿಲಿಂಡರ್ ತಿರುಗುತ್ತಿದೆ, ಕುದುರೆ ಬಡಿಯುತ್ತಿದೆ, ನಳಿಗೆ ತೆರೆದಿದೆ ಎಂದಾದರೆ ಅಂಗಡಿಯಲ್ಲಿ ಕಾಡತೂಸು ಇಲ್ಲ ಎಂಬ ನೆವ ನಿಲ್ಲದು. ಮದ್ದು ತುಂಬಿಸಲು ಹೊರಟವರಂತೂ ಅದು ಹಾರಬಲ್ಲದೆಂಬುದಕ್ಕೆ ತಾವೇ ಸಾಕ್ಷಿ ಒದಗಿಸಿದಂತೆ.

ಹಾಗಾದರೆ ಖಾಸಬಾಗದ ಮನೆಯವರು ಏನು ಮಾಡಬೇಕು? ಪರವಾನಿಗೆದಾರರು ತೀರಿಕೊಂಡ ಮೇಲೆ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಉಳಿದವರಿಗೆ ತಾನಾಗಿ ಬರುವುದಿಲ್ಲ. 21ನೇ ವಿಧಿಯಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಿಗೆ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಚುನಾವಣೆ ಬಂದಾಗಲೆಲ್ಲ ಖಾನಾಪುರದ ರೈತರು ಬೆಳೆ ರಕ್ಷಣೆಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ಮರಳಿ ತರುತ್ತಾರಲ್ಲ, ಅದೇ ಬಗೆಯ ಕೆಲಸ. ಸಜೀವ ಕಾಡತೂಸುಗಳನ್ನು ಮಾತ್ರ ತಾವೇ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗದೆ, ಮೊದಲು ಠಾಣೆಗೆ ಫೋನು ಮಾಡಿ ತಿಳಿಸುವುದು ಕ್ಷೇಮ. ಮರೆತು ಬ್ಯಾಗಿನಲ್ಲಿ ಉಳಿದ ಒಂದೇ ಕಾಡತೂಸು ಸಾಂಬ್ರಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡರೂ ಪ್ರಕರಣ ದಾಖಲಾಗಬಹುದು. ಆಗ ಅದು ಗೊತ್ತಿದ್ದು ಇಟ್ಟುಕೊಂಡದ್ದಲ್ಲ ಎಂದು ಹೇಳಿಕೊಳ್ಳಲು ನ್ಯಾಯಾಲಯದವರೆಗೆ ಹೋಗಬೇಕಾದೀತು.

ಠೇವಣಿಯ ನಂತರ ವಾರಸುದಾರರು ತಮ್ಮ ಹೆಸರಿಗೆ ಪರವಾನಿಗೆ ಕೋರಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ದಾರಿಯಿದೆ. ಪರವಾನಿಗೆದಾರರು 70 ವರ್ಷ ತುಂಬಿದಾಗ ಅಥವಾ 25 ವರ್ಷ ಆಯುಧ ಹೊಂದಿದ್ದಾಗ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲೂ ಬರುತ್ತದೆ. ಮನೆಯಲ್ಲಿ ಹಿರಿಯರಿರುವಾಗಲೇ ಈ ಕೆಲಸ ಮುಗಿಸಿಕೊಂಡರೆ ಓಡಾಟ ಎಷ್ಟೋ ಕಡಿಮೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ವಂಶಪಾರಂಪರ್ಯವಾಗಿ ಬಂದವೂ ಆ ಲೆಕ್ಕದಲ್ಲೇ ಸೇರುತ್ತವೆ. ಬೆಳಗಾವಿ ನಗರದಲ್ಲಿ ಅರ್ಜಿ ಪೊಲೀಸ್ ಆಯುಕ್ತರಿಗೆ, ಖಾನಾಪುರದಲ್ಲಾದರೆ ಜಿಲ್ಲಾಧಿಕಾರಿಗೆ. ತಂದೆಯವರ ಹಳೆಯ ಪರವಾನಿಗೆ ಪುಸ್ತಕದಲ್ಲಿ ರಾಷ್ಟ್ರೀಯ ದತ್ತಾಂಶದ ಗುರುತಿನ ಸಂಖ್ಯೆ ನಮೂದಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಕೊಡಗಿನಲ್ಲಿ ಪರವಾನಿಗೆ ಬೇಡವಂತಲ್ಲ ಎಂದು ಕೆಲವರು ಕೇಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಿಸಲಾದ ವಿನಾಯಿತಿ ಅದು, ಬೆಳಗಾವಿಗೆ ಅನ್ವಯಿಸದು.

ಮಾರಿಬಿಡುವ ಯೋಚನೆ ಇದ್ದರೆ, ಬೆಲೆಯ ಆಸೆ ಹೆಚ್ಚು ಬೇಡ. ವಿದೇಶದ ಹರಾಜುಗಳಲ್ಲಿ ಬುಲ್‌ಡಾಗಿಗೆ ಸಿಗುವ ಬೆಲೆ ನೋಡಿ ಹಿಗ್ಗುವವರಿದ್ದಾರೆ. ನೂರು ವರ್ಷ ದಾಟಿದ ವಸ್ತು 1972ರ ಪುರಾತತ್ವ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಒಳಗೆ ಕೊಳ್ಳುವವರಿಗೂ ಪರವಾನಿಗೆ ಬೇಕು, ಕಾಡತೂಸು ಸಿಗದ ರಿವಾಲ್ವರಿಗೆ ತಮ್ಮ ಎರಡರ ಮಿತಿಯಲ್ಲಿ ಒಂದನ್ನು ಕಳೆದುಕೊಳ್ಳಲು ಅವರು ಒಪ್ಪಬೇಕು. ಅಜ್ಜನ ನೆನಪಷ್ಟೇ ಬೇಕಿದ್ದರೆ, ಅಧಿಕೃತವಾಗಿ ನಿಷ್ಕ್ರಿಯಗೊಳಿಸಿ ಇಟ್ಟುಕೊಳ್ಳುವ ಬಗ್ಗೆ ಪರವಾನಿಗೆ ಅಧಿಕಾರಿಯ ಬಳಿ ಲಿಖಿತವಾಗಿ ಕೇಳುವುದು ಉಚಿತ. ಅದನ್ನೂ ಸ್ವತಃ ಗರಗಸ ಹಿಡಿದು ಮಾಡಬಾರದು.

ಓದುಗರು ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಕೇಳಿದರು: ರಿವಾಲ್ವರ್, ಸಜೀವ ಕಾಡತೂಸು ಎರಡನ್ನೂ ಒಪ್ಪಿಸುತ್ತೇನೆ, ಆ ಏಳು ಖಾಲಿ ಕೋಶಗಳನ್ನಾದರೂ ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳಬಹುದೇ? ಅದೇ 45ನೇ ವಿಧಿಯ 'ಡಿ' ಖಂಡ ಆಯುಧ, ಮದ್ದುಗುಂಡುಗಳ ಸಣ್ಣ ಬಿಡಿಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಪೂರಕವಾದ ಇತರ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶ ಇರಬಾರದು ಎಂಬುದು ಅದರ ಷರತ್ತು. ಕೋಶಗಳ ಜೊತೆಗೆ ಕೇಪು, ಮದ್ದು, ಸೀಸ, ಒತ್ತುಯಂತ್ರ ಯಾವುದಾದರೂ ಒಂದು ಅದೇ ಮನೆಯಲ್ಲಿ ಸಿಕ್ಕಿದರೆ ಆ ಉದ್ದೇಶ ಇರಲಿಲ್ಲವೆಂದು ಹೇಳುವುದು ಕಷ್ಟ. ರಿವಾಲ್ವರ್ ಒಪ್ಪಿಸುವಾಗ ಏಳು ಕೋಶಗಳನ್ನೂ ಠಾಣೆಯಲ್ಲಿ ತೋರಿಸಿ, ರಸೀದಿಯಲ್ಲಿ ಅವುಗಳ ಸಂಖ್ಯೆಯನ್ನೂ ಬರೆಸಿ, ಮರಳಿ ಪಡೆಯಲು ಬರುವುದೇ ಎಂದು ಅಲ್ಲಿಯೇ ಕೇಳಿ ಎಂದು ಅವರಿಗೆ ತಿಳಿಸಿದ್ದೇವೆ.